ಮನೆಯಲ್ಲಿ ಮೊದಲು ಏಳುವವರು

ಆ ವಸಂತದಲ್ಲಿ ದಿಲಾರಾಮ್ ಖಾನಂ ತಮ್ಮ ಊಟದ ಮನೆಯ ಛಾವಣಿಯನ್ನು ಮೂರನೆಯ ಸಲ ಬದಲಾಯಿಸಲು ಹೇಳಿದರು. ಮುನವ್ವರ್ ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದಳು. ಕೂರಲು ಅಲ್ಲಿ ಬೇರೆ ಜಾಗವಿರಲಿಲ್ಲ, ನಿಲ್ಲಲು ಅವಳ ಮಂಡಿ ಒಪ್ಪುತ್ತಿರಲಿಲ್ಲ.

"ಬಿಳಿ ಅಂತ ನಾನೇ ಹೇಳಿದ್ದೆ, ಇಲ್ಲ ಅನ್ನಲ್ಲ," ಎಂದರು ದಿಲಾರಾಮ್ ಖಾನಂ. "ಆದ್ರೆ ನಿನ್ನೆ ನನ್ನ ತಂಗಿ ಮನೆಗೆ ಹೋಗಿದ್ದೆ ನೋಡಿ. ಅವಳದ್ದು ಪೂರಾ ಚಿನ್ನದ ಬಣ್ಣ. ಬಂದು ನಮ್ಮದನ್ನ ನೋಡಿದ್ರೆ ಆಸ್ಪತ್ರೆ ಇದ್ದ ಹಾಗಿದೆ."

"ಆಗ್ಲಿ, ಖಾನಂ."

"ನಿಮಗೇನೂ ಬೇಜಾರಿಲ್ಲ ತಾನೆ?"

"ಇಲ್ಲ."

ಬೇಜಾರು ಮಾಡಿಕೊಳ್ಳುವಷ್ಟು ಕಸುವೂ ಅವಳಲ್ಲಿ ಉಳಿದಿರಲಿಲ್ಲ. ತಾಷ್ಕೆಂಟಿನಲ್ಲಿ ಹೊಸದಾಗಿ ದುಡ್ಡು ಕಂಡವರ ಮನೆಗಳ ಒಳಾಂಗಣ ಮಾಡಿಕೊಡುವುದು ಅವಳ ಕೆಲಸ. ಗೋಡೆಗೆ ಯಾವ ಬಣ್ಣ, ದೀಪ ಎಲ್ಲಿ, ಕಪಾಟು ಎಷ್ಟು ಎತ್ತರ, ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ, ಎಲ್ಲವನ್ನೂ ಅವಳು ಬರೆದು ನಿಂತು ಮಾಡಿಸಬೇಕು. ಇಪ್ಪತ್ತು ವರ್ಷ ಗಚ್ಚಿನ ಪುಡಿ ಕುಡಿದು ಅವಳಿಗೆ ನಲವತ್ತೊಂದರಲ್ಲೇ ಒಂದು ಗೊಗ್ಗರು ಕೆಮ್ಮು ಬಂದಿತ್ತು. ಗಾರೆ ಕೆಲಸದವರು ಆ ಕೆಮ್ಮು ಕೇಳಿದೊಡನೆ ಬಿಡುಬೀಸಾಗಿ ಕೂತವರು ಎದ್ದು ಕರಣೆ ಹಿಡಿಯುತ್ತಿದ್ದರು.

ಮನೆ ಮಾಡಿಸಿಕೊಂಡವರೆಲ್ಲ ಒಂದಲ್ಲ ಒಂದು ದಿನ ಚಹಾ ಕೊಟ್ಟು ಕೇಳುತ್ತಿದ್ದರು: ನೀವು ಈ ಕೆಲಸಕ್ಕೆ ಹೇಗೆ ಬಂದಿರಿ? ಅವಳ ಬಳಿ ಒಂದು ಉತ್ತರವಿತ್ತು. ಚಿಕ್ಕವಳಿದ್ದಾಗ ನಮ್ಮ ಮನೆ ರಿಪೇರಿ ಮಾಡಿಸಿದರು, ಕತ್ತಲ ಕೋಣೆಗೆ ಕಿಟಕಿ ಇಟ್ಟರು, ಆ ಬೆಳಕು ನೋಡಿ ನನಗೆ ಹೀಗೆ ಅನಿಸಿತು. ಹೇಳೀ ಹೇಳೀ ಆ ಮಾತು ಎಷ್ಟು ಸವೆದಿತ್ತೆಂದರೆ, ಹೇಳುವಾಗ ಅವಳಿಗೇ ಆಕಳಿಕೆ ಬರುತ್ತಿತ್ತು. ಆದರೆ ಅದು ಸುಳ್ಳಾಗಿರಲಿಲ್ಲ.

ಅವಳು ಹುಟ್ಟಿದ್ದು ಕೊಕಂದ್‌ನ ಒಂದು ಹಳೆಯ ಕೇರಿಯಲ್ಲಿ. ಮರದ ಚೌಕಟ್ಟಿಗೆ ಮಣ್ಣು ತುಂಬಿ ಕಟ್ಟಿದ ಮನೆ, ನಡುವೆ ಅಂಗಳ, ಅಂಗಳದಲ್ಲಿ ಒಂದು ದಾಳಿಂಬೆ ಗಿಡ. ಅಪ್ಪ ಬಸ್ಸು ಓಡಿಸುತ್ತಿದ್ದ, ಮನೆಗೆ ಬಂದರೆ ಏನು ಕೇಳಿದರೂ "ನಿಮ್ಮ ಓಯಿನ ಕೇಳಿ" ಎಂದು ಅಮ್ಮನ ಕಡೆ ಕೈ ತೋರಿಸುತ್ತಿದ್ದ. ಓಯಿಯ ಹೆಸರು ಸಾಲಿಯಾ, ಅವಳು ಟೋಪಿಗೆ ಕಸೂತಿ ಹಾಕುತ್ತಿದ್ದಳು. ಮುನವ್ವರ್‌ಗೆ ಹತ್ತು ತುಂಬಿದ ವರ್ಷ ಅಣ್ಣ ಇಲ್ಹೋಮ್‌ಗೆ ಹೆಣ್ಣು ಗೊತ್ತಾಯಿತು. ಹುಡುಗಿ ಬರುವ ಮೊದಲು ದೊಡ್ಡ ಕೋಣೆಯನ್ನು ಹೊಸದು ಮಾಡಿಸಬೇಕೆಂದು ಓಯಿ ಹಟ ಹಿಡಿದಳು.

ಅದೇ ಶರತ್ಕಾಲದಲ್ಲಿ ಕೇರಿಯ ಅರ್ಧ ಮಕ್ಕಳಿಗೆ ಕಾಮಾಲೆ ಹತ್ತಿತು. ಮುನವ್ವರ್‌ಗೂ. ನಲವತ್ತು ದಿನ ಶಾಲೆಗೆ ಹೋಗುವಂತಿಲ್ಲ, ಓಡುವಂತಿಲ್ಲ, ಎಣ್ಣೆಯದು ತಿನ್ನುವಂತಿಲ್ಲ. ಪಡಸಾಲೆಯಲ್ಲಿ ಹತ್ತಿ ಹಾಸಿಗೆ ಹಾಸಿ ಅವಳನ್ನು ಮಲಗಿಸಿದರು. ಕಲ್ಲುಸಕ್ಕರೆ ಕದಡಿದ ಚಹಾ ಕುಡಿಯುತ್ತ, ಹಳದಿ ಕಣ್ಣು ಬಿಟ್ಟುಕೊಂಡು, ಅವಳು ದಿನವಿಡೀ ಮನ್ನೋನ್ ಉಸ್ತಾ ಕೆಲಸ ಮಾಡುವುದನ್ನು ನೋಡಿದಳು. ಮನ್ನೋನ್ ಉಸ್ತಾ ಗಚ್ಚಿನ ಕೆತ್ತನೆಯವನು. ಕೆತ್ತಿಸುವವರು ಇಲ್ಲದ ಕಾಲ ಬಂದು ಈಗ ಗೋಡೆ ಕೆಡವುವುದು, ಮೆತ್ತುವುದು, ಕಾಗದ ಅಂಟಿಸುವುದು ಎಲ್ಲ ಮಾಡುತ್ತಿದ್ದ.

"ಏನಮ್ಮ ಕುಂಬಳಕಾಯಿ, ನಿನ್ನೆಗಿಂತ ಇವತ್ತು ಇನ್ನೂ ಹಣ್ಣಾಗಿದೀಯ?" ಎನ್ನುತ್ತಿದ್ದ ಬೆಳಿಗ್ಗೆ ಬಂದವನೇ. "ಮಲ್ಕೊಂಡೇ ಹೇಳು ಮೇಸ್ತ್ರಿ, ಆ ಮೂಲೆ ಗೆರೆ ನೇರ ಇದ್ಯಾ?"

"ಎಡಗಡೆ ಇಳಿದಿದೆ."

"ಎಲ್ಲಿ ಇಳಿದಿದೆ? ನನ್ನ ಕಣ್ಣಿಗೆ ಸರಿಯಾಗೇ ಇದೆ."

"ನೀವು ನಿಂತ್ಕೊಂಡು ನೋಡ್ತಿದೀರ. ಇಲ್ಲಿ ಮಲ್ಕೊಂಡು ನೋಡಿ."

ಉಸ್ತಾ ನಿಜಕ್ಕೂ ಬಂದು ಅವಳ ಪಕ್ಕ ನೆಲದ ಮೇಲೆ ಚಪ್ಪಟೆ ಮಲಗಿದ. ಸ್ವಲ್ಪ ಹೊತ್ತು ಮೇಲೆ ನೋಡಿ, "ಹಾಳಾದ್ದು, ಇಳಿದಿದೆ," ಎಂದು ಎದ್ದು ಹೋಗಿ ಕಿತ್ತು ಮತ್ತೆ ಮೆತ್ತಿದ. ಹತ್ತು ವರ್ಷದ ಹುಡುಗಿಯ ಮಾತಿಗೆ ದೊಡ್ಡವನೊಬ್ಬ ಮಾಡಿದ ಕೆಲಸ ಕಿತ್ತದ್ದು ಅವಳು ಅದೇ ಮೊದಲು ನೋಡಿದ್ದು.

ಜಗಳವಾದದ್ದು ಕಿಟಕಿಯ ವಿಷಯಕ್ಕೆ. ಆ ಕೇರಿಯಲ್ಲಿ ಮನೆಗಳೆಲ್ಲ ಅಂಗಳಕ್ಕೆ ಮುಖ ಮಾಡಿದವು, ಬೀದಿಗೆ ಬರೀ ಬೆನ್ನು.

"ಬೀದಿ ಕಡೆಗೆ ಕಿಟಕಿನಾ, ಸಾಲಿಯಾ ಅಕ್ಕ?" ಎಂದ ಉಸ್ತಾ. "ಹೋಗೋರು ಬರೋರು ಇಣುಕಲ್ವಾ?"

"ಇಣುಕಲಿ ಬಿಡಪ್ಪ. ಕತ್ತಲಲ್ಲಿ ದಾರ ಪೋಣಿಸಿ ಪೋಣಿಸಿ ನನ್ನ ಕಣ್ಣೇ ಸೂಜಿ ಕಣ್ಣಿನಷ್ಟಾಗಿದೆ. ನನಗೆ ಬೆಳಕು ಬೇಕು."

"ಸೊಸೆಗೆ ಅಂತ ಹೇಳಿದ್ರಿ ಮೊನ್ನೆ?"

"ಸೊಸೆಗೆ ಬೆಳಕು ಬೇಡ್ವಾ? ಒಡಿ ನೀನು."

ಒಡೆದ. ಮಣ್ಣಿನ ಗೋಡೆ ಉರುಳಿ ಎದ್ದ ಧೂಳು ಅಡಗುವಷ್ಟರಲ್ಲಿ, ಎಂದೂ ಬೆಳಕು ಕಾಣದ ಕೋಣೆಯೊಳಗೆ ಬಿಸಿಲು ಚಾಪೆ ಬಿಚ್ಚಿದ ಹಾಗೆ ಬಂದು ಬಿತ್ತು. ಓಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಕೈಯನ್ನು ಬಿಸಿಲಿಗೆ ಚಾಚಿ ಈ ಕಡೆ ಆ ಕಡೆ ತಿರುಗಿಸಿ ನೋಡಿಕೊಂಡಳು. "ಅಯ್ಯೋ, ನನ್ನ ಕೈ ಇಷ್ಟು ಮುದಿಯಾಗಿದ್ಯಾ!" ಎಂದಳು. ಬೈದಳೋ ನಕ್ಕಳೋ ತಿಳಿಯಲಿಲ್ಲ, ಆದರೆ ತುಂಬ ಹೊತ್ತು ಅಲ್ಲೇ ನಿಂತಿದ್ದಳು. ಜನ ಕೇಳಿದಾಗಲೆಲ್ಲ ಮುನವ್ವರ್ ಹೇಳುತ್ತಿದ್ದುದು ಇಷ್ಟನ್ನೇ.

ಉಳಿದದ್ದನ್ನು ಹೇಳುತ್ತಿರಲಿಲ್ಲ. ಮನೆಯಲ್ಲಿ ಅಪ್ಪನ ತಾಯಿ ಓಯ್ಶಾ ಬುವಿ ಇದ್ದಳು. ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು, ಆದರೂ ಮನೆಯೊಳಗೆ ಅವಳು ಯಾರ ಕೈಯನ್ನೂ ಹಿಡಿದವಳಲ್ಲ. ಪಡಸಾಲೆಯ ಗೋಡೆಯುದ್ದಕ್ಕೂ ಇದ್ದ ಗೂಡುಗಳೇ ಅವಳ ಕಣ್ಣು. ಒಂದನೆಯ ಗೂಡಿನಲ್ಲಿ ಟೀಪಾಟು, ಎರಡನೆಯದರಲ್ಲಿ ಬಾಚಣಿಗೆ, ಮೂರನೆಯದರಲ್ಲಿ ಜಪಮಣಿ, ಅದಾದ ಮೇಲೆ ಕೈತೊಳೆಯುವ ಜಾಗ. ಓಯಿ ಕೋಣೆಯ ಜೊತೆಗೆ ಪಡಸಾಲೆಯ ಗೂಡುಗಳನ್ನೂ ಮುಚ್ಚಿಸಿದಳು. ಗೋಡೆ ನಗರದ ಫ್ಲ್ಯಾಟಿನ ಗೋಡೆಯ ಹಾಗೆ ನುಣ್ಣಗಾಯಿತು.

ಮಾರನೆಯ ದಿನ ಮಧ್ಯಾಹ್ನದ ಪ್ರಾರ್ಥನೆಗೆ ಕೈಕಾಲು ತೊಳೆಯಲೆಂದು ಎದ್ದ ಬುವಿ ಗೋಡೆ ಸವರುತ್ತ ಹೊರಟವಳು ನಡುವೆ ನಿಂತಳು. ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ ಹೋದಳು. ಆಮೇಲೆ ನೆಲಕ್ಕೆ ಕುಸಿದು ಕೂತು, "ಇದು ಯಾರ ಮನೆ? ನನ್ನನ್ನ ಯಾರ ಮನೆಗೆ ತಂದು ಹಾಕಿದೀರಿ?" ಎಂದು ಕೂಗಿದಳು. ಓಯಿ ಕೈ ಹಿಡಿಯಲು ಹೋದರೆ ಕೊಸರಿಕೊಂಡಳು. ಮೂರು ದಿನ ದಾಳಿಂಬೆ ಗಿಡದ ಕೆಳಗೆ ಮಂಚ ಹಾಕಿಸಿಕೊಂಡು ಅಲ್ಲೇ ಕೂತಳು, ಒಳಗೆ ಬರಲೊಲ್ಲಳು.

ಮುನವ್ವರ್ ಮಲಗಿದ್ದಲ್ಲಿಂದ ಇದನ್ನೆಲ್ಲ ನೋಡುತ್ತಿದ್ದಳು. ನಾಲ್ಕನೆಯ ದಿನ ಉಸ್ತಾನನ್ನು ಕರೆದಳು.

"ಉಸ್ತಾ, ಗೋಡೆ ಮೇಲೆ ಒಂದು ಗೆರೆ ಎಳೆದುಕೊಡಿ. ಉಬ್ಬಿದ ಗೆರೆ. ಬುವಿ ಕೈಗೆ ಸಿಗೋ ಎತ್ತರಕ್ಕೆ."

"ಮತ್ತೆ ಬಾಗಿಲು ಬಂದಿದ್ದು ಹೇಗೆ ಗೊತ್ತಾಗ್ಬೇಕು ಅವರಿಗೆ?"

ಹುಡುಗಿ ಯೋಚಿಸಿದಳು. "ಬಾಗಿಲ ಹತ್ರ ಗುಬುಟು ಮಾಡಿ. ಅವರ ಕೋಣೆಗೆ ಒಂದು, ಅಡಿಗೆಮನೆಗೆ ಎರಡು, ನೀರಿನ ಹತ್ರ ಮೂರು."

ಉಸ್ತಾ ಬೆರಳು ದಪ್ಪದ ಗಚ್ಚಿನ ಪಟ್ಟಿಯನ್ನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಎಳೆದ. ಕೆತ್ತನೆಯವನಲ್ಲವೇ, ಗುಬುಟುಗಳನ್ನು ಮೊಗ್ಗಿನ ಹಾಗೆ ಕೆತ್ತಿದ. ಬುವಿ ಕೈಯಾಡಿಸುತ್ತ ನೀರಿನವರೆಗೆ ಹೋಗಿ ತಾನಾಗಿ ವಾಪಸು ಬಂದಳು.

"ಯಾರು ಹೇಳಿದ್ದು ಇದನ್ನ?"

"ಕುಂಬಳಕಾಯಿ," ಎಂದ ಉಸ್ತಾ.

"ಹಂಗಾದ್ರೆ ಒಳಗೆ ಬೀಜನೂ ಇದೆ," ಎಂದಳು ಬುವಿ, ಮತ್ತು ಆ ರಾತ್ರಿ ತನ್ನ ಕೋಣೆಯಲ್ಲಿ ಮಲಗಿದಳು. ಎರಡು ವರ್ಷದ ಮೇಲೆ ತೀರಿಹೋಗುವವರೆಗೂ ಅವಳು ಆ ಪಟ್ಟಿಯನ್ನು ಹಿಡಿದೇ ಓಡಾಡಿದಳು.

ಅಣ್ಣನ ಮದುವೆ ಆಯಿತು. ಮುಕರ್ರಮ್ ಎಂಬ ಇಪ್ಪತ್ತು ವರ್ಷದ ಹುಡುಗಿ ಸೊಸೆಯಾಗಿ ಬಂದು, ನೆಲ ನೋಡುತ್ತ, ಹತ್ತು ವರ್ಷದ ನಾದಿನಿಗೂ "ನೀವು" ಎನ್ನುತ್ತ, "ಮುನವ್ವರ್‌ಖೋನ್" ಎಂದು ಗೌರವದಿಂದ ಕರೆಯುತ್ತ ಮನೆಗೆ ಸೇರಿಕೊಂಡಳು. ಮುನವ್ವರ್ ಕಾಮಾಲೆಯಿಂದೆದ್ದು ಶಾಲೆಗೆ ಹೋದಳು. ಅಂದಿನಿಂದ ಎಲ್ಲಿ ಹೋದರೂ ಅವಳ ಕಣ್ಣು ಮೊದಲು ಛಾವಣಿಗೆ, ಆಮೇಲೆ ಗೋಡೆಗೆ.

ದಾರಿ ಸಲೀಸಾಗಿರಲಿಲ್ಲ. ತಾಷ್ಕೆಂಟಿನ ವಾಸ್ತುಶಿಲ್ಪ ಕಾಲೇಜಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಊರಿಗೆ ಮುಖ ತೋರಿಸಲಾರದೆ ಗೋಡೆಗೆ ಕಾಗದ ಅಂಟಿಸುವ ಹೆಂಗಸರ ತಂಡ ಸೇರಿ ನಾಲ್ಕು ವರ್ಷ ಕೂದಲಿಗೆ ಅಂಟು ಮೆತ್ತಿಕೊಂಡು ದುಡಿದಳು. ಸಂಜೆ ನಕ್ಷೆ ಬರೆಯುವ ತರಗತಿಗೆ ಹೋದಳು. ಒಂದು ಪೀಠೋಪಕರಣದ ಅಂಗಡಿಯವರು ಅಡಿಗೆಮನೆಯ ಕಪಾಟುಗಳ ನಕ್ಷೆ ಬರೆಯಲು ಕರೆದರು. ಅದು ಊರಿಗೆಲ್ಲ 'ಯುರೋಪು ರಿಪೇರಿ'ಯ ಗೀಳು ಹತ್ತಿದ ಕಾಲ. ಹಳೆಯ ತೊಲೆಗಳ ಕೆಳಗೆ ಹಲಗೆಯ ಛಾವಣಿ, ಅದರೊಳಗೆ ನೂರು ಸಣ್ಣ ದೀಪ. ಒಂದು ಮನೆಯಿಂದ ಇನ್ನೊಂದು ಮನೆ ಸಿಕ್ಕಿತು. ನಡುವೆ ಮದುವೆಯೂ ಆಯಿತು. ಮೂರನೆಯ ವರ್ಷ ಗಂಡ, ದಿನಾ ರಾತ್ರಿ ಒಂಬತ್ತೂವರೆಗೆ ತಣ್ಣಗಿನ ಊಟ ಉಂಡು ಸಾಕಾಗಿದೆ ಎಂದಷ್ಟೇ ಹೇಳಿ ತಾಯಿಯ ಮನೆಗೆ ಹೋದವನು ಬರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೂ ಆ ವಾರ ಪುರುಸೊತ್ತಿರಲಿಲ್ಲ. ತಾಷ್ಕೆಂಟಿನ ಚಿಲೊನ್ಜಾರ್ ಬಡಾವಣೆಯಲ್ಲಿ ಅವಳದೇ ಎರಡು ಕೋಣೆಯ ಫ್ಲ್ಯಾಟು ಇತ್ತು. ಹಿಂದಿನವರು ಅಂಟಿಸಿದ್ದ ಕಂದು ಬಣ್ಣದ ಕಾಗದ ಅದರ ಗೋಡೆಗಳಿಂದ ಕಿತ್ತು ಜೋತಾಡುತ್ತಿತ್ತು.

ಹೊಸ ಮನೆಗೆ ಹೋದಾಗ ಅವಳು ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದಳು: "ಈ ಮನೇಲಿ ಮೊದಲು ಏಳೋರು ಯಾರು?" ಬುವಿಯ ಗೋಡೆಯಿಂದ ಅವಳು ಕಲಿತದ್ದು ಅದು. ಮನೆಯನ್ನು ಹೆಚ್ಚು ತುಳಿಯುವವರನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯಬಾರದು.

"ಮೊದಲು ಏಳೋದು ಸೊಸೆ," ಎಂದಿದ್ದರು ದಿಲಾರಾಮ್ ಖಾನಂ. "ಅದಕ್ಕೂ ಛಾವಣಿಗೂ ಏನಮ್ಮ ಸಂಬಂಧ?"

ಸೊಸೆಯನ್ನು ಕರೆಸಿ ಕೇಳಿದಾಗ ಆ ಹುಡುಗಿ ಅತ್ತೆಯ ಮುಖ ನೋಡಿ "ಎಲ್ಲ ಚೆನ್ನಾಗಿದೆ" ಎಂದಿದ್ದಳು. ಅಂಥ 'ಎಲ್ಲ ಚೆನ್ನಾಗಿದೆ'ಗಳನ್ನು ಮುನವ್ವರ್ ನೂರಾರು ಕೇಳಿದ್ದಳು.

ಛಾವಣಿಗೆ ಚಿನ್ನದ ಬಣ್ಣ ಹಚ್ಚಲು ಶುರುಮಾಡಿದ ವಾರ ಕೊಕಂದ್‌ನಿಂದ ಫೋನು ಬಂತು. ಮಾಡಿದ್ದು ಅತ್ತಿಗೆ ಮುಕರ್ರಮ್, ಮುನವ್ವರ್ 'ಯಂಗಾ' ಎನ್ನುತ್ತಿದ್ದವಳು. ಮೂವತ್ತೊಂದು ವರ್ಷದಲ್ಲಿ ಅವಳಾಗಿ ಫೋನು ಮಾಡಿದ್ದು ಬೆರಳಲ್ಲಿ ಎಣಿಸುವಷ್ಟು, ಅದೂ ಅಪ್ಪ ತೀರಿಕೊಂಡಾಗ, ಓಯಿಗೆ ಕಣ್ಣಿನ ಆಪರೇಷನ್ ಆದಾಗ.

"ಮುನವ್ವರ್‌ಖೋನ್, ಪುರುಸೊತ್ತು ಇದ್ರೆ ಒಂದ್ಸಲ ಬಂದು ಹೋಗ್ತೀರಾ?"

"ಯಾಕೆ ಯಂಗಾ? ಓಯಿ ಹುಷಾರಾಗಿದಾರಾ?"

"ಹುಷಾರಾಗಿದಾರೆ. ಮನೇಲಿ ಸ್ವಲ್ಪ ರಿಪೇರಿ ಮಾಡಿಸ್ಬೇಕಿತ್ತು. ದೊಡ್ಡ ಕೋಣೆದು."

ರೈಲಿನಲ್ಲಿ ಮುನವ್ವರ್ ನಕ್ಷೆ ಬರೆದಳು. ಎಷ್ಟೋ ದಿನದ ಮೇಲೆ ಕೈ ತಾನಾಗಿ ಓಡಿತು. ಮುಚ್ಚಿದ ಗೂಡುಗಳನ್ನೆಲ್ಲ ಮತ್ತೆ ತೆಗೆಸುವುದು, ತೊಲೆಗಳ ಬಣ್ಣ ಕೆರೆಸುವುದು, ಕಿಟಕಿಗೆ ಹೊಸ ಮರದ ಚೌಕಟ್ಟು, ಅದರ ಕೆಳಗೆ ಉದ್ದಕ್ಕೆ ಕೂರುವ ಕಟ್ಟೆ. ತಾಷ್ಕೆಂಟಿನಲ್ಲಿ ಈಗ ಇದೇ ಗೀಳು. ಹಳೆಯದೆಲ್ಲ ಮತ್ತೆ ಬೇಕಾಗಿತ್ತು.

ಮನೆ ಮುಟ್ಟಿದಾಗ ಮುಕರ್ರಮ್ ಪಡಸಾಲೆಯಲ್ಲಿ ಕೂತು ಪಲಾವಿಗೆ ಕ್ಯಾರೆಟ್ ಹೆಚ್ಚುತ್ತಿದ್ದಳು. ಐವತ್ತೊಂದಕ್ಕೇ ಬೆನ್ನು ಸ್ವಲ್ಪ ಬಾಗಿತ್ತು. ಓಯಿ ಕಂಬಕ್ಕೊರಗಿ ಬಿಸಿಲು ಕಾಯುತ್ತಿದ್ದಳು. ಎಪ್ಪತ್ತಾರು ವಯಸ್ಸು, ಕಸೂತಿ ಬಿಟ್ಟು ಹದಿನಾಲ್ಕು ವರ್ಷ, ನಾಲಿಗೆ ಮಾತ್ರ ಹಳೆಯದೇ.

"ಬಂದ್ಲು ನೋಡು, ಊರವರ ಮನೆ ಸಿಂಗಾರ ಮಾಡೋಳು. ನಿನ್ನ ಮನೆ ಗೋಡೆ ಕಾಗದ ಅಂಟಿಸ್ಕೊಂಡ್ಯಾ?"

"ಇಲ್ಲ, ಓಯಿ."

"ನೆಂಟರು ಬಂದ್ರೆ ಏನು ತೋರಿಸ್ತೀಯ?"

"ನೆಂಟರು ಬರಲ್ಲ, ಓಯಿ."

ಓಯಿ ಊಟವಾಗಿ ನಿದ್ದೆ ಹೋದ ಮೇಲೆ ಮುನವ್ವರ್ ನಕ್ಷೆಗಳನ್ನು ಬಿಚ್ಚಿ ಅತ್ತಿಗೆಯ ಮುಂದೆ ಹರಡಿದಳು. ಗೂಡು, ತೊಲೆ, ಕಿಟಕಿ ಎಲ್ಲ ವಿವರಿಸಿದಳು. ಮುಕರ್ರಮ್ ಕೈ ಒರೆಸಿಕೊಂಡು ಒಂದೊಂದು ಹಾಳೆಯನ್ನೂ ನೋಡಿದಳು.

"ಚೆನ್ನಾಗಿದೆ," ಎಂದಳು.

ಆ ದನಿ ಮುನವ್ವರ್‌ಗೆ ಗೊತ್ತಿದ್ದ ದನಿ. ಹಾಳೆಗಳನ್ನು ಮಡಚಿದಳು. "ಯಂಗಾ, ನಿಮಗೆ ಏನು ಬೇಕು ಹೇಳಿ."

ಮುಕರ್ರಮ್ ಎದ್ದು ದೊಡ್ಡ ಕೋಣೆಯ ಒಳಗೆ ಹೋದಳು. ಮುನವ್ವರ್ ಹಿಂದೆ ಹೋದಳು. ಬೀದಿಯ ಕಿಟಕಿಗೆ ದಪ್ಪ ಪರದೆ ಎಳೆದಿತ್ತು. ಬಾಗಿಲ ಪಕ್ಕದ ಮೂಲೆಯಲ್ಲಿ ಹಾಸಿಗೆಗಳ ರಾಶಿ. ಆ ಮೂಲೆಯನ್ನು ತೋರಿಸಿ ಮುಕರ್ರಮ್ ಹೇಳಿದಳು:

"ಇಲ್ಲೊಂದು ಬಚ್ಚಲು ಬೇಕು. ಬಿಸಿನೀರು ಬರೋದು. ಒಳಗಿಂದ ಚಿಲಕ ಹಾಕೋ ಅಂಥದ್ದು."

"ಅಷ್ಟೇನಾ?"

"ಅಷ್ಟೇ." ಆಮೇಲೆ, ಮಾತು ತಡೆದು ತಡೆದು, "ಇಲ್ಲಿ ಮೊದಲೂ ಇತ್ತು. ಹಳೇ ಮನೆಗಳಲ್ಲಿ ಇರ್ತಿತ್ತಲ್ಲ, ಕೋಣೆ ಮೂಲೇಲಿ ನೀರು ಇಂಗೋ ಗುಂಡಿ, ಮೇಲೆ ಹಲಗೆ. ನನ್ನ ತವರಲ್ಲೂ ಇತ್ತು. ಒಂದು ಹೂಜಿ ನೀರು ಇಟ್ಕೊಂಡ್ರೆ ಗಂಡ ಹೆಂಡತಿ ಮೈ ತೊಳ್ಕೊಂಡಿದ್ದು ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನು ಬರೋ ಹೊತ್ತಿಗೆ ಮುಚ್ಚಿಬಿಟ್ಟಿದ್ರು."

ಮುನವ್ವರ್‌ಗೆ ಆ ಗುಂಡಿಯ ನೆನಪೇ ಇರಲಿಲ್ಲ. "ಉಸ್ತಾ ಮುಚ್ಚಿದ್ರಾ?"

"ನೀವು ಹೇಳಿದ್ರಂತೆ. ಮದುವೆ ದಿನ ಪಲಾವು ತಿನ್ನೋಕೆ ಬಂದಾಗ ಉಸ್ತಾ ಎಲ್ಲರ ಎದುರಿಗೆ ಹೇಳಿ ನಗಿಸಿದ್ರು. 'ನಿಮ್ಮ ನಾದಿನಿನೇ ನನ್ನ ಮೇಸ್ತ್ರಿ. ಫ್ಲ್ಯಾಟಲ್ಲಿ ಇಂಥ ತೂತು ಇರಲ್ಲ, ನೆಲ ಸಪಾಟಾಗಿ ಇರ್ಬೇಕು, ಮುಚ್ಚಿ ಅಂದ್ಲು' ಅಂತ. ನಾನು ಮುಸುಕಿನ ಒಳಗೇ ಕೇಳಿಸ್ಕೊಂಡೆ."

ಮುನವ್ವರ್ ಹಾಸಿಗೆಯ ರಾಶಿಯ ಮೇಲೆ ಕೂತಳು. ಮುಕರ್ರಮ್ ಎಂದೂ ಇಷ್ಟು ಮಾತಾಡಿದವಳಲ್ಲ; ಶುರುವಾದದ್ದು ಈಗ ನಿಲ್ಲಲಿಲ್ಲ. ದನಿ ಏರಲೂ ಇಲ್ಲ.

"ಚಳಿಗಾಲದಲ್ಲಿ, ಬೆಳಕು ಹರಿಯೋ ಮುಂಚೆ, ಬಿಂದಿಗೆ ತಗೊಂಡು ಅಂಗಳ ದಾಟಿ ಮೈ ತೊಳ್ಕೊಳ್ಳೋಕೆ ಹೋಗ್ತಿದ್ದೆ. ಹಿಮದ ಮೇಲೆ ಹೆಜ್ಜೆ ಬೀಳೋದು. ಎದ್ದವರೆಲ್ಲ ಆ ಹೆಜ್ಜೆ ನೋಡೋರು. ಬುವಿಗೆ ಕಣ್ಣಿಲ್ಲ, ಆದ್ರೆ ಕಿವಿ ಇತ್ತು. ವಾಪಸು ಬಂದು ಒದ್ದೆ ತಲೇಲೇ ಹಾಸಿಗೆ ಮಡಚ್ತಿದ್ದೆ. ಯಾಕೆ ಅಂದ್ರೆ ಬೆಳಕಾದ ತಕ್ಷಣ ಓಯಿ ಟೋಪಿ ಬುಟ್ಟಿ ತಗೊಂಡು ಬರೋರು. ಕಿಟಕಿ ಇದ್ದಿದ್ದು ಇಲ್ಲೇ ಅಲ್ವಾ. ಇಲ್ಲೇ ಕೂತು ಸಂಜೆ ತನಕ ಕಸೂತಿ. ಹದಿನೇಳು ವರ್ಷ. ಜ್ವರ ಬಂದ್ರೂ ನಾನು ಈ ಕೋಣೇಲಿ ಹಗಲು ಹೊತ್ತು ಮಲಗಿದವಳಲ್ಲ."

"ಯಂಗಾ, ಒಂದು ಮಾತು ಹೇಳಿದ್ರೆ..."

"ಯಾರಿಗೆ ಹೇಳ್ಲಿ? ನಿನಗೆ ಹನ್ನೊಂದು ವರ್ಷ." ಮುಕರ್ರಮ್‌ಳ ಬಾಯಲ್ಲಿ ಮೊದಲ ಸಲ 'ನೀನು' ಬಂತು, ಅವಳಿಗೆ ಅದು ಗೊತ್ತಾಗಲೂ ಇಲ್ಲ. "ಓಯಿ ಕೆಟ್ಟವರಲ್ಲ. ನನಗೊಂದು ದಿನ ಕೈ ಎತ್ತಿಲ್ಲ, ಬೈದಿಲ್ಲ. ಬೆಳಕಿಗೆ ಬರೋರು, ಅಷ್ಟೇ. ಅವರು ಕಸೂತಿ ಬಿಟ್ಟ ದಿನ ನಾನು ಈ ಪರದೆ ಹಾಕಿದೆ. ಆ ಗಚ್ಚಿನ ಪಟ್ಟಿ ಇದೆಯಲ್ಲ ಹೊರಗೆ, ಅದರ ಮೇಲೆ ಧೂಳು ಕೂರುತ್ತೆ. ಪ್ರತಿ ಶುಕ್ರವಾರ ಒರೆಸ್ತೀನಿ. ಬುವಿ ಹೋಗಿ ಎಷ್ಟು ವರ್ಷ ಆಯ್ತು? ಒಡೆಯೋಣ ಅಂದ್ರೆ ಓಯಿ, ಅದು ನನ್ನ ಮಗಳು ಮಾಡಿಸಿದ್ದು, ಮುಟ್ಟಬೇಡ ಅಂತಾರೆ."

ಇನ್ನೂರು ಮನೆಗಳಲ್ಲಿ ಕೇಳಿದ ಪ್ರಶ್ನೆಯನ್ನು ಮುನವ್ವರ್ ಈ ಮನೆಯಲ್ಲಿ ಕೇಳಿರಲಿಲ್ಲ. ಇಲ್ಲಿಯ ಉತ್ತರ ತನಗೆ ಗೊತ್ತೆಂದೇ ಅವಳು ತಿಳಿದಿದ್ದಳು: ಬುವಿ. ಪ್ರಾರ್ಥನೆಗೆ ಬುವಿ ಏಳುವ ಮೊದಲೇ ಹಿಮ ತುಳಿದು ಹೋಗಿ ಬಂದವಳೊಬ್ಬಳು ಇದ್ದಳೆಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಅಳು ಬರಬೇಕಿತ್ತು. ಬರಲಿಲ್ಲ. ಚೀಲದಿಂದ ಅಳತೆ ಪಟ್ಟಿ ತೆಗೆದಳು.

"ಈ ತುದಿ ಹಿಡ್ಕೊಳ್ಳಿ, ಯಂಗಾ."

ಓಯಿಗೆ ವಿಷಯ ತಿಳಿದಾಗ ಮನೆ ಹಾರಿಹೋಗುವಂತಾಯಿತು. ಮುನವ್ವರ್ ಬಚ್ಚಲಿನ ಜೊತೆಗೆ ಕಕ್ಕಸನ್ನೂ ಒಳಗೇ ಮಾಡಿಸುವ ಯೋಚನೆಯಲ್ಲಿದ್ದಳು.

"ಮನೆ ಒಳಗೆ ಅದಾ? ರೊಟ್ಟಿ ಇಡೋ ಸೂರಿನ ಕೆಳಗೆ? ನಾಳೆ ಯಾರು ಬಂದು ನಮ್ಮನೆ ಪಲಾವು ತಿಂತಾರೆ!"

"ತಾಷ್ಕೆಂಟಲ್ಲಿ ಎಲ್ಲರ ಮನೇಲೂ ಒಳಗೇ ಇದೆ, ಓಯಿ."

"ಅದಕ್ಕೇ ನಿನ್ನ ಮನೆಗೆ ನೆಂಟರು ಬರಲ್ಲ!"

ಇಲ್ಹೋಮ್, ಅಪ್ಪನ ಮಗನೇ ತಾನೆ, "ನೀವು ಹೆಂಗಸರು ಮಾತಾಡಿ ಮುಗಿಸ್ಕೊಳ್ಳಿ" ಎಂದು ಟೋಪಿ ಹಾಕಿಕೊಂಡು ಚಹಾದಂಗಡಿಗೆ ಹೋದ. ಮುನವ್ವರ್ ವಾದ ಬಿಡಲಿಲ್ಲ. ಗಂಟಲು ಬಿದ್ದು ಕೆಮ್ಮು ಹತ್ತಿತು. ಆಗ ಮುಕರ್ರಮ್ ಅವಳ ತೋಳು ಹಿಡಿದಳು.

"ಕಕ್ಕಸು ಬೇಡ. ನಾನು ಕೇಳಿದ್ದು ಬಚ್ಚಲು."

"ಯಂಗಾ, ನಿಮಗೋಸ್ಕರನೇ ನಾನು..."

"ಗೊತ್ತು. ಆದ್ರೆ ನಾನು ಕೇಳಿದಷ್ಟು ಮಾಡಿ, ಸಾಕು."

ಮುನವ್ವರ್ ನಕ್ಷೆಯಿಂದ ಕಕ್ಕಸನ್ನು ಹೊಡೆದುಹಾಕಿದಳು. ಓಯಿ ಗೊಣಗಿ ಗೊಣಗಿ ಕೊನೆಗೆ, "ಸ್ನಾನಕ್ಕಾದ್ರೆ ಮಾಡ್ಕೊಳ್ಲಿ, ಬೇಡ ಅಂದವರ್ಯಾರು? ಮೊದಲೇ ಹೇಳಿದ್ರೆ ಆಗ್ಲೇ ಮಾಡಿಸ್ತಿದ್ದೆ," ಎಂದಳು. ಅದನ್ನು ಅವಳು ನಿಜವಾಗಿಯೂ ನಂಬಿ ಹೇಳಿದಳು.

ಎರಡು ದಿನಕ್ಕೆಂದು ಬಂದವಳು ಹದಿನೇಳು ದಿನ ನಿಂತಳು. ಆ ಕೆಲಸದಲ್ಲಿ ಚಂದ ಎಂಬುದು ಏನೂ ಇರಲಿಲ್ಲ. ನೆಲ ಅಗೆದಾಗ ಹಳೆಯ ಗುಂಡಿ ಸಿಕ್ಕಿತು, ಒಡೆದ ಇಟ್ಟಿಗೆ ತುಂಬಿದ್ದರು. ಅಂಗಳದುದ್ದಕ್ಕೂ ಸೊಂಟದಾಳ ಕಾಲುವೆ ತೋಡಿ ಬೀದಿಯ ಚರಂಡಿಗೆ ಕೊಳವೆ ಸೇರಿಸಬೇಕಿತ್ತು. ದಾಳಿಂಬೆಯ ಬೇರು ಅಡ್ಡ ಬಂತು. ಅದನ್ನು ಬಳಸಿ ಹೋಗಲು ಎರಡು ದಿನ ಹೆಚ್ಚಾಯಿತು. ಎರಡು ದಿನ ಮಳೆ ಬಂದು ಕಾಲುವೆ ತುಂಬಿತು. ಕೆಲಸಕ್ಕೆ ಇಬ್ಬರು ಆಳು ಇದ್ದರೂ ಮುನವ್ವರ್ ತಾನೇ ಕೆಸರಿಗಿಳಿದು ಮಟ್ಟ ನೋಡಿದಳು, ಏಕೆಂದರೆ ಇಳಿಜಾರು ಬೆರಳಷ್ಟು ತಪ್ಪಿದರೆ ನೀರು ನಿಲ್ಲುತ್ತದೆ. ಸಂಜೆಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಮುಕರ್ರಮ್ ಅವಳ ಬೆನ್ನಿಗೆ ಕುರಿಯ ಕೊಬ್ಬು ಕಾಯಿಸಿ ತಿಕ್ಕುತ್ತಿದ್ದಳು. ಒಂದು ಸಲ ಮುನವ್ವರ್ ಕವುಚಿ ಮಲಗಿದ್ದಲ್ಲಿಂದಲೇ, "ಯಂಗಾ, ಆ ಗುಂಡಿ..." ಎಂದು ಶುರುಮಾಡಿದಾಗ ಮುಕರ್ರಮ್, "ಹತ್ತು ವರ್ಷದ ಮಗು ನೀವು, ಮೈಯೆಲ್ಲ ಹಳದಿ. ಸುಮ್ನೆ ಮಲ್ಕೊಳ್ಳಿ," ಎಂದು ಇನ್ನಷ್ಟು ಗಟ್ಟಿಯಾಗಿ ತಿಕ್ಕಿದಳು.

ದಿಲಾರಾಮ್ ಖಾನಂ ದಿನಕ್ಕೆರಡು ಸಲ ಫೋನು ಮಾಡಿದರು. ಹನ್ನೊಂದನೆಯ ದಿನ, ತಂಗಿಯ ಮನೆ ಮಾಡಿದವನನ್ನೇ ಗೊತ್ತು ಮಾಡಿಕೊಂಡಿದ್ದೇವೆ, ಬೇಜಾರಿಲ್ಲ ತಾನೆ ಎಂದರು. "ಇಲ್ಲ, ಖಾನಂ," ಎಂದಳು ಮುನವ್ವರ್. ಆರು ತಿಂಗಳ ಕೆಲಸ ಕೈತಪ್ಪಿದ್ದು ತಾಷ್ಕೆಂಟಿಗೆ ಹಿಂತಿರುಗಿದ ಮೇಲೆ ಹೊರೆಯಾಗುವುದಿತ್ತು. ಆ ಹೊತ್ತಿಗೆ ಮಾತ್ರ ಕೆಸರಿನ ಬೂಟು ಬಿಚ್ಚುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು.

ಬಚ್ಚಲಿನ ಟೈಲ್ಸನ್ನು ಮುಕರ್ರಮ್ ತಾನೇ ಬಜಾರಿಗೆ ಹೋಗಿ ಆರಿಸಿ ತಂದಳು. ಕಡು ಹಸಿರು ಬಣ್ಣದ್ದು, ಮುನವ್ವರ್ ಯಾವ ಮನೆಗೂ ಹಾಕಲಾರದಂಥದ್ದು. ಆದರೂ ಮುನವ್ವರ್ ಅದನ್ನೇ ಕೂರಿಸಿದಳು. ಬಚ್ಚಲಿನ ಅಗಲ ನಾಲ್ಕು ಅಡಿ, ಉದ್ದ ಐದು. ನೀರು ಕಾಯಿಸುವ ಹಂಡೆ ಗೋಡೆಗೆ. ಬಾಗಿಲಿಗೆ ಒಳಗಿಂದ ಹಿತ್ತಾಳೆಯ ಚಿಲಕ.

ಗುರುವಾರ ಮಧ್ಯಾಹ್ನ ನೀರು ಬಂತು. ಮುಕರ್ರಮ್ ಟವೆಲು, ಬದಲಿ ಬಟ್ಟೆ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು. ಆಮೇಲೆ ನೀರಿನ ಸದ್ದು.

ಅರ್ಧ ಗಂಟೆ ಕಳೆಯಿತು. ಓಯಿ ಕಂಬದ ಬುಡದಿಂದ ಕೂಗಿದಳು: "ಮುಕರ್ರಮ್! ಚಹಾ ಎಲ್ಲಿ?"

ಒಳಗೆ ನೀರು ಸುರಿಯುತ್ತಲೇ ಇತ್ತು. ಮುನವ್ವರ್ ಮಂಡಿ ಹಿಡಿದುಕೊಂಡು ಎದ್ದು, ತಾನೇ ನೀರು ಕಾಯಿಸಿ, ಹಸಿರು ಚಹಾ ಮಾಡಿ, ರೊಟ್ಟಿ ಮುರಿದು ತಾಯಿಯ ಮುಂದಿಟ್ಟಳು.

"ನೀನು ಮಾಡಿದ ಚಹಾ ನೀರು ನೀರು," ಎಂದಳು ಓಯಿ ಒಂದು ಗುಟುಕು ಕುಡಿದು. "ಅವಳು ಇನ್ನೂ ಬರ್ಲಿಲ್ವಾ? ಏನು ಮಾಡ್ತಿದಾಳೆ ಇಷ್ಟೊತ್ತು?"

"ಸ್ನಾನ, ಓಯಿ."

"ಇಷ್ಟೊತ್ತಾ? ಒಬ್ಬಳೇನಾ?"

"ಹೂಂ."

ಓಯಿ ಇನ್ನೇನೋ ಹೇಳಿದಳು, ನೀರು ಖರ್ಚಾಗುವ ವಿಷಯ. ಮುನವ್ವರ್ ಗೋಡೆಗೆ ತಲೆಯಾನಿಸಿ ಕಾಲು ಚಾಚಿದ್ದಳು. ಉತ್ತರ ಕೊಡಬೇಕೆಂದುಕೊಂಡಳು, ಕೊಡುವ ಮೊದಲೇ ಕಣ್ಣು ಎಳೆದುಕೊಂಡು ಹೋಯಿತು. ಎಚ್ಚರವಾದಾಗ ಬಿಸಿಲು ಅಂಗಳದ ಆ ಬದಿಗೆ ಸರಿದಿತ್ತು, ಬಟ್ಟಲಿನ ಚಹಾ ಆರಿತ್ತು, ಓಯಿ ಕೂತಲ್ಲೇ ತೂಕಡಿಸುತ್ತಿದ್ದಳು. ಬಚ್ಚಲಿನ ಬಾಗಿಲು ಇನ್ನೂ ಮುಚ್ಚಿತ್ತು. ಒಳಗೆ ಮುಕರ್ರಮ್ ಮೆಲ್ಲಗೆ ಏನೋ ಗುನುಗುತ್ತಿದ್ದಳು.